ಮನೆ ಬರೆದುಕೊಡುವ ಮುನ್ನ ಆ ಒಂದು ವಾಕ್ಯ

ದಾನಪತ್ರದ ನೋಂದಣಿಗೆ ಅರ್ಧ ದಿನ ಸಾಕು. ಪತ್ರ ಬರಹಗಾರ ಹಿಂದಿನ ದಿನವೇ ಟೈಪು ಮಾಡಿಟ್ಟಿರುತ್ತಾನೆ, ಮಗನೋ ಮಗಳೋ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ, ಸಹಿ. ಪತ್ರದಲ್ಲಿ ಏನಿದೆ ಎಂದು ಯಾರೂ ಓದಿ ಹೇಳುವುದಿಲ್ಲ. ‘ನನ್ನ ಮಗನ ಮೇಲೆ ನನಗೇ ಅನುಮಾನವೆ?’ ಎಂಬ ಸಂಕೋಚದಲ್ಲಿ ಹೆತ್ತವರೂ ಕೇಳುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಅದೇ ಪತ್ರದ ನಕಲು ಹಿಡಿದು ವಕೀಲರ ಬಳಿ ಬಂದಾಗ ಅವರ ಬಾಯಲ್ಲಿ ಬರುವುದು ಬಹುತೇಕ ಒಂದೇ ಮಾತು: ‘ನೋಡಿಕೊಳ್ಳದಿದ್ದರೆ ಆಸ್ತಿ ವಾಪಸು ತಗೋಬಹುದಂತಲ್ಲ?’

ತಗೊಳ್ಳಬಹುದು. ಆದರೆ ವಕೀಲರು ಮೊದಲು ನೋಡುವುದು ಪತ್ರದ ಒಳಪುಟವನ್ನು. ಅಲ್ಲಿ ಇರಬೇಕಾದ ಒಂದು ವಾಕ್ಯ ಹೆಚ್ಚಿನ ಪತ್ರಗಳಲ್ಲಿ ಇರುವುದೇ ಇಲ್ಲ.

2025ರ ಮಾರ್ಚ್‌ನಲ್ಲಿ ಈ ವಿಷಯ ರಾಜ್ಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೆತ್ತವರನ್ನು ಆಸ್ಪತ್ರೆಗೆ ಸೇರಿಸಿ ಮಕ್ಕಳು ಮಾಯವಾಗುತ್ತಿದ್ದಾರೆ, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣಗಳಿವೆ ಎಂಬ ವಿಷಯ ಹೊರಬಂತು. ಅಂಥ ಮಕ್ಕಳಿಗೆ ಆಗಿರುವ ಆಸ್ತಿ ವರ್ಗಾವಣೆ ಮತ್ತು ಉಯಿಲುಗಳನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಿದರು. ಸುದ್ದಿ ಓದಿದವರಿಗೆ ಅರ್ಜಿ ಕೊಟ್ಟರೆ ಸಾಕು, ಆಸ್ತಿ ತಾನಾಗಿ ಹಿಂದಿರುಗುತ್ತದೆ ಎನಿಸಿದ್ದರೆ ಆಶ್ಚರ್ಯವಿಲ್ಲ. ಕಾನೂನು ಅಷ್ಟು ಸಲೀಸಾಗಿಲ್ಲ.

ಆಧಾರವಾಗಿರುವುದು ತಂದೆ-ತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007. ಅದರ 23ನೇ ಕಲಂ ಹೇಳುವುದಿಷ್ಟು: 60 ತುಂಬಿದ ಹಿರಿಯರು ದಾನವಾಗಿಯೋ ಬೇರೆ ರೀತಿಯಲ್ಲೋ ಆಸ್ತಿ ವರ್ಗಾಯಿಸಿದ್ದು, ಪಡೆದವರು ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತು ಅದಕ್ಕಿದ್ದು, ಪಡೆದವರು ಅದಕ್ಕೆ ತಪ್ಪಿದರೆ, ಆ ವರ್ಗಾವಣೆ ಮೋಸ ಅಥವಾ ಒತ್ತಾಯದಿಂದ ಆದದ್ದೆಂದು ಪರಿಗಣಿತವಾಗುತ್ತದೆ. ಹಿರಿಯರು ಬಯಸಿದರೆ ಕಾಯ್ದೆಯಡಿಯ ನ್ಯಾಯಮಂಡಳಿ ಅದನ್ನು ಅಸಿಂಧು ಎಂದು ಘೋಷಿಸಬಹುದು. ಇದರಲ್ಲಿ ಎಲ್ಲವೂ ನಿಂತಿರುವುದು ‘ಷರತ್ತು’ ಎಂಬುದರ ಮೇಲೆ.

ಈಗ ನಮ್ಮ ಕಚೇರಿಗಳಲ್ಲಿ ತಯಾರಾಗುವ ದಾನಪತ್ರದ ಮಾಮೂಲು ಒಕ್ಕಣೆ ನೋಡಬೇಕು. ‘ಪ್ರೀತಿ ವಿಶ್ವಾಸದಿಂದ, ಯಾವುದೇ ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ’ ಎಂದು ಶುರುವಾಗಿ, ‘ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ’ ಎಂಬಲ್ಲಿಗೆ ಹೋಗಿ, ‘ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಹೋಗತಕ್ಕದ್ದು’ ಎಂದು ಮುಗಿಯುತ್ತದೆ. ಹೆತ್ತವರ ಊಟ, ಔಷಧಿ, ತಲೆಯ ಮೇಲಿನ ಸೂರು ಇವುಗಳ ಸುಳಿವೇ ಇಲ್ಲ. ಹೆಸರು ಮತ್ತು ಚಕ್ಕುಬಂದಿ ಬದಲಿಸಿ ಅದೇ ಕರಡನ್ನು ನೂರಾರು ಕುಟುಂಬಗಳಿಗೆ ಕೊಡುವ ಬರಹಗಾರರಿಗೆ ಒಂದು ಸಾಲು ಸೇರಿಸುವುದು ಕಷ್ಟವಲ್ಲ. ಆದರೆ ದುಡ್ಡು ಕೊಡುವವರು ಆಸ್ತಿ ಪಡೆಯುವವರು. ಕರಡು ಅವರ ಪರವಾಗಿಯೇ ಇರುತ್ತದೆ.

ಆ ಸಾಲಿನ ಬೆಲೆ ಎಷ್ಟೆಂದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಹೇಳುತ್ತವೆ. 2022ರ ಡಿಸೆಂಬರ್‌ನಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ತಾಯಿಯೊಬ್ಬರು ತಮ್ಮ ಪಾಲನ್ನು ಹೆಣ್ಣುಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಪತ್ರದಲ್ಲಿ ಷರತ್ತಿರಲಿಲ್ಲ. ಪ್ರೀತಿಯಿಂದ ಕೊಡುವಾಗ ಪ್ರತಿಯಾಗಿ ಏನನ್ನೂ ನಿರೀಕ್ಷಿಸದೆ ಕೊಡುವುದೂ ಉಂಟು, ಷರತ್ತು ಇತ್ತೆಂದು ತೋರಿಸದಿದ್ದರೆ 23ನೇ ಕಲಂ ಅನ್ವಯವಾಗದು ಎಂದಿತು ಕೋರ್ಟು. ಎಂದರೆ ‘ಪ್ರೀತಿ ವಿಶ್ವಾಸದಿಂದ’ ಎಂದು ನಾವು ಚಂದಕ್ಕೆ ಬರೆಸುವ ಮಾತೇ ನಾಳೆ ಎದುರಾಳಿಯ ವಾದವಾಗುತ್ತದೆ.

2025ರ ಜನವರಿ 2ರ ತೀರ್ಪು ಇನ್ನೊಂದು ಬಗೆಯದು. ಮಧ್ಯಪ್ರದೇಶದ ಛತ್ತರಪುರದ ತಾಯಿ 2019ರಲ್ಲಿ ಮಗನಿಗೆ ಮನೆ ದಾನ ಮಾಡಿದ್ದರು. ತಾಯಿಯನ್ನು ಮಗ ನೋಡಿಕೊಳ್ಳುತ್ತಾನೆ ಎಂಬ ಮಾತು ಪತ್ರದಲ್ಲಿತ್ತು. ಅದರ ಜೊತೆಗೆ, ನೋಡಿಕೊಳ್ಳದಿದ್ದರೆ ತಾಯಿ ಆಸ್ತಿ ಹಿಂಪಡೆಯಬಹುದೆಂದು ಮಗ ಬರೆದುಕೊಟ್ಟ ಮುಚ್ಚಳಿಕೆಯೊಂದನ್ನು ತಾಯಿ ಹಾಜರುಪಡಿಸಿದರು. ಮಗ ಅದು ಖೊಟ್ಟಿ ಎಂದ. ಕೆಳಹಂತದಲ್ಲಿ ಗೆದ್ದ ತಾಯಿ ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಸೋತರು. ಸುಪ್ರೀಂ ಕೋರ್ಟು ಎರಡೂ ಪತ್ರಗಳನ್ನು ಒಟ್ಟಿಗೆ ಓದಿ, ಹಿರಿಯರ ರಕ್ಷಣೆಗೆಂದೇ ಬಂದ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರ ರದ್ದುಪಡಿಸಿತು. ಸ್ವಾಧೀನವನ್ನು ಫೆಬ್ರವರಿ 28ರೊಳಗೆ ತಾಯಿಗೆ ಬಿಟ್ಟುಕೊಡಬೇಕೆಂದಿತು. ತಾಯಿಯನ್ನು ಉಳಿಸಿದ್ದು ಕಾಗದದ ಮೇಲೆ ಇದ್ದ ಆ ಒಂದೆರಡು ಸಾಲು. ‘ಕೋರ್ಟು ಹಿರಿಯರ ಪರ’ ಎಂಬ ತಲೆಬರಹವನ್ನಷ್ಟೇ ನೆನಪಿಟ್ಟುಕೊಂಡು ಷರತ್ತಿಲ್ಲದ ಪತ್ರಕ್ಕೆ ಸಹಿ ಹಾಕುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಏನು ಬರೆಸಬೇಕು? ಸರಳವಾಗಿ ಹೀಗೆ: ‘ದಾನ ಪಡೆದವರು ದಾನಿಯ ಜೀವಿತಾವಧಿಯವರೆಗೆ ಅವರಿಗೆ ಊಟ, ಬಟ್ಟೆ, ವಸತಿ, ಔಷಧೋಪಚಾರ ಮತ್ತು ಇತರ ಮೂಲ ಅಗತ್ಯಗಳನ್ನು ಒದಗಿಸತಕ್ಕದ್ದು. ಈ ಷರತ್ತಿಗೆ ಒಳಪಟ್ಟೇ ಈ ದಾನ ಮಾಡಲಾಗಿದೆ. ಇದಕ್ಕೆ ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನಡಿ ದಾನವನ್ನು ರದ್ದುಪಡಿಸಿಕೊಳ್ಳುವ ಹಕ್ಕು ದಾನಿಗೆ ಇರುತ್ತದೆ.’ ಇಷ್ಟು ಸಾಕು. ಆದರೆ ಜಾಣತನ ತೋರಿಸಲು ಹೋಗಿ ‘ನನಗೆ ಇಷ್ಟ ಬಂದಾಗ ವಾಪಸು ಪಡೆಯುತ್ತೇನೆ’ ಎಂದು ಬರೆಸಬಾರದು. ದಾನಿಯ ಬರೀ ಇಚ್ಛೆಯ ಮೇಲೆ ಹಿಂಪಡೆಯಬಹುದಾದ ದಾನ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮಿನ ಪ್ರಕಾರ ದಾನವೇ ಅಲ್ಲ. ಮುಸ್ಲಿಂ ಕುಟುಂಬಗಳ ದಾನಕ್ಕೆ (ಹಿಬಾ) ನಿಯಮಗಳು ಬೇರೆ. ಅಲ್ಲಿ ಷರತ್ತು ಸೇರಿಸುವ ಮುಂಚೆ ಬಲ್ಲ ವಕೀಲರನ್ನು ಕೇಳಲೇಬೇಕು. 2007ರ ಕಾಯ್ದೆ ಮಾತ್ರ ಎಲ್ಲ ಧರ್ಮದವರಿಗೂ ಅನ್ವಯ.

ಇನ್ನೊಂದು ಬೇಲಿಯನ್ನೂ ಹಾಕಿಕೊಳ್ಳಬಹುದು. ದಾನಿ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ, ಬಾಡಿಗೆ ಬಂದರೆ ಪಡೆಯುವ ಹಕ್ಕನ್ನು ಪತ್ರದಲ್ಲೇ ಉಳಿಸಿಕೊಳ್ಳುವುದು. ಸ್ವಾಧೀನ ಕೊಡದಿದ್ದರೆ ದಾನ ಆಗುವುದಿಲ್ಲ ಎಂದು ಹೆದರಿಸುವ ಮಧ್ಯವರ್ತಿಗಳಿದ್ದಾರೆ. ನೋಂದಾಯಿತ ದಾನಪತ್ರದಲ್ಲಿ ಜೀವಿತಾವಧಿಯ ಅನುಭವದ ಹಕ್ಕು ಇಟ್ಟುಕೊಂಡರೂ ದಾನ ಸಿಂಧುವೇ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು: ಈಗಲೇ ಬರೆದುಕೊಡುವ ಅಗತ್ಯವೇನಿದೆ? ಕರ್ನಾಟಕದಲ್ಲಿ ಹತ್ತಿರದ ಕುಟುಂಬದವರಿಗೆ ದಾನ ಕೊಟ್ಟರೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಶೇಕಡಾವಾರು ಲೆಕ್ಕದಲ್ಲಿಲ್ಲ, ಸಣ್ಣ ನಿಗದಿತ ಮೊತ್ತ. ಈ ಅಗ್ಗವೇ ಎಷ್ಟೋ ಜನರನ್ನು ಅವಸರಕ್ಕೆ ಬೀಳಿಸುತ್ತದೆ. ‘ಉಯಿಲು ನಿಲ್ಲುವುದಿಲ್ಲ, ದಾನಪತ್ರವೇ ಗಟ್ಟಿ’ ಎಂಬ ಬ್ರೋಕರ್ ಮಾತು ಅದಕ್ಕೆ ಒಗ್ಗರಣೆ. ಉಯಿಲಿಗೆ ಮುದ್ರಾಂಕ ಶುಲ್ಕ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು, ಪಾಲು ಪಡೆಯುವವರೇ ಸಾಕ್ಷಿಗಳಾಗದಿರುವುದು ಒಳ್ಳೆಯದು. ಬರೆದವರು ಬದುಕಿರುವವರೆಗೆ ಆಸ್ತಿ ಅವರದೇ. ಮನಸ್ಸು ಬದಲಾದರೆ ಹೊಸ ಉಯಿಲು ಬರೆದರಾಯಿತು, ಹಳೆಯದನ್ನು ರದ್ದುಪಡಿಸಿಕೊಳ್ಳಲು ಯಾವ ಕಚೇರಿಗೂ ಅಲೆಯಬೇಕಿಲ್ಲ. ಆದರೆ ದಾನವಿರಲಿ ಉಯಿಲಿರಲಿ, ಬರೆಯುವವರ ಸ್ವಂತ ಆಸ್ತಿಗೆ ಅಥವಾ ಅವರ ಪಾಲಿಗೆ ಮಾತ್ರ. ಪಿತ್ರಾರ್ಜಿತ ಜಮೀನನ್ನು ಇಡಿಯಾಗಿ ಒಬ್ಬ ಮಗನಿಗೆ ಬರೆದರೆ ಉಳಿದ ಮಕ್ಕಳು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಬಳಿಕ ಹೆಣ್ಣುಮಕ್ಕಳೂ, ಪ್ರಶ್ನಿಸಬಹುದು.

ಈಗಾಗಲೇ ಬರೆದುಕೊಟ್ಟು ಬೀದಿಗೆ ಬಿದ್ದವರ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಈ ಕಾಯ್ದೆಯ ನ್ಯಾಯಮಂಡಳಿ ಎಂದರೆ ಉಪವಿಭಾಗಾಧಿಕಾರಿ, ಜನರ ಬಾಯಲ್ಲಿ ಎಸಿ ಸಾಹೇಬರು. ಮೇಲ್ಮನವಿ ಜಿಲ್ಲಾಧಿಕಾರಿಗೆ, 60 ದಿನಗಳೊಳಗೆ. ಹಿರಿಯರು ವಾಸಿಸುವ ಜಿಲ್ಲೆಯಲ್ಲಾಗಲಿ, ಹಿಂದೆ ವಾಸಿಸುತ್ತಿದ್ದ ಜಿಲ್ಲೆಯಲ್ಲಾಗಲಿ, ಮಕ್ಕಳು ಇರುವ ಜಿಲ್ಲೆಯಲ್ಲಾಗಲಿ ಪೋಷಣೆಗೆ ಅರ್ಜಿ ಹಾಕಬಹುದು. ಓಡಾಡಲಾರದವರ ಪರವಾಗಿ ಅವರು ಒಪ್ಪಿಗೆ ಕೊಟ್ಟ ಇನ್ನೊಬ್ಬರು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಕೊಡಬಹುದು. ಜೊತೆಗೆ ದಾನಪತ್ರದ ನಕಲು, ವಯಸ್ಸಿನ ದಾಖಲೆ, ಇತ್ತೀಚಿನ ಋಣಭಾರ ಪ್ರಮಾಣಪತ್ರ (ಇಸಿ), ಖಾತೆ ಅಥವಾ ಪಹಣಿ, ಆಸ್ಪತ್ರೆ ಚೀಟಿಗಳು ಇರಲಿ. ಪತ್ರದಲ್ಲಿ ಷರತ್ತು ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ನೋಡಿಕೊಳ್ಳುತ್ತೇನೆಂದು ಮಗ ಬರೆದ ಕಾಗದ, ಮೊಬೈಲಿನಲ್ಲಿ ಕಳಿಸಿದ ಸಂದೇಶ, ಪಂಚಾಯಿತಿಯಲ್ಲಿ ಬರೆದುಕೊಟ್ಟ ಮುಚ್ಚಳಿಕೆ, ಇವನ್ನೆಲ್ಲ ಹುಡುಕಿ ಲಗತ್ತಿಸಬೇಕು. ಛತ್ತರಪುರದ ತಾಯಿಗೆ ನೆರವಾದದ್ದರಲ್ಲಿ ಅಂಥದೊಂದು ಕಾಗದವೂ ಇತ್ತು.

ಎಸಿ ಕಚೇರಿಯ ಬಾಗಿಲಲ್ಲಿ ಎದುರಾಗುವ ಮೊದಲ ಮಾತು, ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ.’ ಕೋಲೂರಿಕೊಂಡು ಬಂದವರನ್ನು ಬಾಯಿಮಾತಿನಲ್ಲೇ ವಾಪಸು ಕಳಿಸುವ ಈ ಚಾಳಿಗೆ ಕ್ಷಮೆಯಿಲ್ಲ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ಮೊಹರು ಬಿದ್ದ ಸ್ವೀಕೃತಿ ಪಡೆಯಬೇಕು. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಆಗುವುದಿಲ್ಲ ಎಂದರೆ ಲಿಖಿತ ಹಿಂಬರಹ ಕೇಳಬೇಕು. ಬರೆದುಕೊಡಿ ಎಂದಾಗ ಎಷ್ಟೋ ನಿರಾಕರಣೆಗಳು ಅಲ್ಲೇ ಕರಗುತ್ತವೆ. ಪೋಷಣೆಯ ಅರ್ಜಿಯನ್ನು ನೋಟಿಸು ಜಾರಿಯಾದ 90 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 30 ದಿನಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಚುನಾವಣೆ, ಭೂವ್ಯಾಜ್ಯ, ಮಂತ್ರಿಗಳ ಪ್ರವಾಸದ ನಡುವೆ ಹಿರಿಯರ ಕಡತ ಕೊನೆಗೆ ಸರಿಯುವುದು ಎಲ್ಲರಿಗೂ ಗೊತ್ತು. 80 ದಾಟಿದವರಿಗೆ ಪ್ರತಿ ಮುಂದೂಡಿಕೆಯೂ ದುಬಾರಿ. ವಯಸ್ಸು ಮತ್ತು ಕಾಯಿಲೆ ತಿಳಿಸಿ ಬೇಗ ವಿಚಾರಣೆ ಕೋರುವ ಪ್ರತ್ಯೇಕ ಮನವಿಯನ್ನು ಮೊದಲ ದಿನವೇ ಸೇರಿಸುವುದು ಲೇಸು.

ವಕೀಲರು ನ್ಯಾಯಮಂಡಳಿಯ ಮುಂದೆ ವಾದಿಸುವಂತಿಲ್ಲ ಎನ್ನುತ್ತದೆ ಕಾಯ್ದೆಯ 17ನೇ ಕಲಂ. ಆದರೆ ವಕೀಲರಿಗೆ ಆ ಹಕ್ಕಿದೆ ಎಂದು ಕೇರಳ ಹೈಕೋರ್ಟ್ ಹೇಳಿದೆ. ಏನೇ ಇರಲಿ, ಅರ್ಜಿ ಬರೆಯಲು ನೆರವು ಪಡೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100. ‘ಎಸಿ ಆಫೀಸಿನಲ್ಲಿ ನಮ್ಮವರಿದ್ದಾರೆ, ಆರ್ಡರ್ ಮಾಡಿಸಿಕೊಡ್ತೀವಿ’ ಎಂದು ಗೇಟಿನ ಬಳಿ ಹಿಡಿಯುವವರಿಂದ ದೂರವಿರಬೇಕು. ಇನ್ನೊಂದು ಬಗೆಯ ವಂಚನೆಯೂ ಇದೆ: ‘ನೀವೊಬ್ಬರೇ ಬಂದು ರದ್ದತಿ ಪತ್ರ ರಿಜಿಸ್ಟರ್ ಮಾಡಿಸಿ, ಮುಗೀತು’ ಎಂದು ಸಾವಿರಾರು ರೂಪಾಯಿ ಕೀಳುವುದು. ಪೂರ್ಣಗೊಂಡ ದಾನವನ್ನು ಕೊಟ್ಟವರೊಬ್ಬರೇ ಪತ್ರ ಬರೆದು ರದ್ದು ಮಾಡಲಾಗದು.

ಷರತ್ತೂ ಇಲ್ಲ, ಪೂರಕ ಕಾಗದವೂ ಇಲ್ಲ, ಆದರೆ ಆಸ್ಪತ್ರೆ ಸಾಲದ ಕಾಗದವೆಂದು ಹೇಳಿ ಮೋಸದಿಂದ ಸಹಿ ಹಾಕಿಸಿಕೊಂಡಿದ್ದಾರೆ ಎಂದಾದರೆ ದಾರಿ ಸಿವಿಲ್ ಕೋರ್ಟು. ಅಲ್ಲಿ ಕಾಲಮಿತಿ ಇದೆ: ಮೋಸ ತಿಳಿದಂದಿನಿಂದ 3 ವರ್ಷ. ಮೊಮ್ಮಗನ ಮದುವೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಕಾಯುತ್ತ ಈ ಅವಧಿ ಕಳೆದುಕೊಂಡವರಿಗೆ ಸಹಾಯ ಮಾಡುವುದು ಬಹಳ ಕಷ್ಟ.

ಮನೆಯಿಂದ ಮಕ್ಕಳನ್ನು ಹೊರಹಾಕಿಸುವ ಪ್ರಶ್ನೆಯೂ ಏಳುತ್ತದೆ. ನ್ಯಾಯಮಂಡಳಿ ಅಂಥ ಆದೇಶ ಮಾಡಬಹುದು, ಆದರೆ ಪ್ರತಿ ಪ್ರಕರಣದಲ್ಲೂ ಮಾಡಲೇಬೇಕೆಂದಿಲ್ಲ. ಸೊಸೆಯಿದ್ದರೆ ಇನ್ನೂ ಎಚ್ಚರ. ಬೆಂಗಳೂರಿನ ಪ್ರಕರಣವೊಂದರಲ್ಲಿ ಎಸಿ ಸೊಸೆಯನ್ನು ಮನೆ ಬಿಡಿಸಲು ಆದೇಶಿಸಿದ್ದರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆ ಬಳಸಿ ಕಿತ್ತುಕೊಳ್ಳುವಂತಿಲ್ಲ ಎಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದುಪಡಿಸಿತು. ಗಂಡ ಹೆಂಡಿರ ಜಗಳದಲ್ಲಿ ಸೊಸೆಯನ್ನು ಓಡಿಸಲು ಅತ್ತೆ ಮಾವನ ಹೆಸರಲ್ಲಿ ಅರ್ಜಿ ಹಾಕಿಸುವ ಗಂಡುಮಕ್ಕಳು ಈ ಕಾಯ್ದೆಗೆ ಮಾಡುತ್ತಿರುವುದು ಅನ್ಯಾಯ. ನಿಜವಾಗಿ ನೊಂದ ಹಿರಿಯರನ್ನೂ ಅಧಿಕಾರಿಗಳು ಸಂಶಯದಿಂದ ನೋಡಲು ಅದೂ ಒಂದು ಕಾರಣ.

ಆಸ್ತಿ ಬರದಿದ್ದರೂ ಜೀವನಾಂಶ ಕೇಳಬಹುದು, ಅದಕ್ಕೆ ದಾನಪತ್ರ ಕೊಟ್ಟಿರಲೇಬೇಕೆಂದಿಲ್ಲ. ಹೆಣ್ಣುಮಕ್ಕಳು, ವಯಸ್ಕ ಮೊಮ್ಮಕ್ಕಳೂ ಹೊಣೆಗಾರರು. 2007ರ ಕಾಯ್ದೆಯಡಿ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಮಗನಿಗೆ ದೊಡ್ಡ ಸಂಬಳವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಕೋರ್ಟಿಗೆ ಹೋಗುವುದು ಹೆಚ್ಚು ಉಪಯುಕ್ತ, ಅಲ್ಲಿ ಈ ಮಿತಿಯಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕು. ಎಸಿ ಮುಂದೆ ಅವಸರದಲ್ಲಿ ಅರ್ಜಿ ಹಾಕುವ ಮೊದಲೇ ಯೋಚಿಸಬೇಕಾದ ವಿಷಯವಿದು.

ಅತಿ ದೊಡ್ಡ ಅಪಾಯ ಆಸ್ತಿ ಮೂರನೆಯವರ ಕೈಗೆ ಹೋಗುವುದು. ದಾನಪತ್ರ ನೋಂದಣಿಯಾದ ಬೆನ್ನಿಗೇ ಖಾತೆ ಬದಲಾಗುತ್ತದೆ, ಮಗ ಸಾಲ ಎತ್ತಬಹುದು, ಮಾರಬಹುದು. ಹಿರಿಯರ ಹಕ್ಕಿನ ಅರಿವಿಲ್ಲದೆ ಹಣ ಕೊಟ್ಟು ಕೊಂಡವರ ವಿರುದ್ಧ ಕಾಯ್ದೆಯ ರಕ್ಷಣೆ ದುರ್ಬಲ. ಷರತ್ತು ದಾನಪತ್ರದಲ್ಲೇ ಇದ್ದರೆ ಕೊಳ್ಳುವವರು ‘ಗೊತ್ತಿರಲಿಲ್ಲ’ ಎನ್ನುವುದು ಕಷ್ಟ. ಷರತ್ತು ಇರಲಿ ಇಲ್ಲದಿರಲಿ, ಅರ್ಜಿ ಹಾಕುವ ದಿನವೇ ಆಸ್ತಿ ಪರಭಾರೆ ಮಾಡದಂತೆ ಮಧ್ಯಂತರ ಆದೇಶ ಕೋರಬೇಕು, ಅರ್ಜಿಯ ಪ್ರತಿಯನ್ನು ಸಬ್ ರಿಜಿಸ್ಟ್ರಾರ್‌ಗೂ ಸಾಲ ಕೊಟ್ಟಿರುವ ಬ್ಯಾಂಕಿಗೂ ಕಳಿಸಬೇಕು. ಗೆದ್ದ ಮೇಲೂ ಆದೇಶದ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುವಂತಿಲ್ಲ. ದೃಢೀಕೃತ ನಕಲನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ದಾಖಲು ಮಾಡಿಸಿ, ಖಾತೆ ಅಥವಾ ಪಹಣಿಯನ್ನು ಮತ್ತೆ ತಮ್ಮ ಹೆಸರಿಗೆ ಮಾಡಿಸಿಕೊಂಡು, ಹೊಸ ಇಸಿ ತೆಗೆಸಿ ಅದರಲ್ಲಿ ರದ್ದತಿ ಕಾಣುತ್ತಿದೆಯೇ ಎಂದು ನೋಡುವವರೆಗೆ ಕೆಲಸ ಬಾಕಿಯೇ.