ಅಂಟಿಸಿದ ಹಲ್ಲು ಬಾಳಿಕೆ ಬರಬೇಕಾದರೆ

ಮುಂಭಾಗದ ಒಂದು ಹಲ್ಲು ಹೋದರೆ, ಪಕ್ಕದ ಗಟ್ಟಿ ಹಲ್ಲುಗಳನ್ನು ಸವೆಸಿಯೇ ಬ್ರಿಜ್ ಕೂರಿಸಬೇಕೆಂದಿಲ್ಲ. ಕೃತಕ ಹಲ್ಲಿಗೆ ಲೋಹದ ತೆಳು ರೆಕ್ಕೆ ಮಾಡಿ, ಅದನ್ನು ಪಕ್ಕದ ಹಲ್ಲಿನ ಹಿಂಬದಿಗೆ ರೆಸಿನ್ ಸಿಮೆಂಟಿನಿಂದ ಅಂಟಿಸಬಹುದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸುಧಾರಣೆಗೊಂಡದ್ದರಿಂದ ಇದಕ್ಕೆ ಮೇರಿಲ್ಯಾಂಡ್ ಬ್ರಿಜ್ ಎಂದು ಹೆಸರು.

ಇದರ ಅರ್ಧ ಆಯಸ್ಸು ಲ್ಯಾಬಿನಲ್ಲೇ ತೀರ್ಮಾನವಾಗುತ್ತದೆ. ರೆಕ್ಕೆ 0.7 ಮಿಲಿಮೀಟರಿಗಿಂತ ತೆಳುವಾದರೆ ಕಚ್ಚುವಾಗ ಬಾಗುತ್ತದೆ. ಬಾಗಿದರೆ ಅಂಟು ಬಿಡುತ್ತದೆ. ಅಂಟುವ ಮೈಯನ್ನು 50 ಮೈಕ್ರಾನಿನ ಅಲ್ಯುಮಿನಾ ಪುಡಿ ಸಿಡಿಸಿ ತರಿತರಿ ಮಾಡಬೇಕು. ಆಮೇಲೆ ಅದಕ್ಕೆ ಬೆರಳೂ ತಾಗಬಾರದು. ಅಂಟಿಸುವಾಗ ಹಲ್ಲಿಗೆ ಎಂಜಲು ಸೋಕಬಾರದು.

ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಎರಡು ರೆಕ್ಕೆಗಿಂತ ಒಂದೇ ಲೇಸು. ಎರಡರಲ್ಲಿ ಒಂದು ಬಿಟ್ಟುಕೊಂಡರೂ ಹಲ್ಲು ಬೀಳುವುದಿಲ್ಲ, ನಿಮಗೆ ಗೊತ್ತಾಗುವುದೂ ಇಲ್ಲ. ಒಳಗೊಳಗೇ ಹುಳುಕು ಹಿಡಿಯುತ್ತದೆ.

ಸಕಲೇಶಪುರ, ಆಲೂರಿನ ತೋಟದ ಊರುಗಳಿಂದ ಹಾಸನದ ದಂತ ಕಾಲೇಜಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಆದ್ದರಿಂದ ಹಾಕಿಸಿದ್ದನ್ನು ಕಾಪಾಡಿಕೊಳ್ಳಿ. ಆ ಹಲ್ಲಿನಲ್ಲಿ ಅಡಿಕೆ, ಕಬ್ಬು ಕಚ್ಚಬೇಡಿ. ಮಿಸ್ವಾಕ್ ಅಥವಾ ಬ್ರಷ್ ತಲುಪದ ಅದರ ಅಡಿಭಾಗವನ್ನು ದಿನಕ್ಕೊಮ್ಮೆ ಫ್ಲಾಸ್ ದಾರದಿಂದ ಶುಚಿ ಮಾಡಿ. ಕಳಚಿದರೆ ಅಂಗಡಿಯ ಅಂಟು ಹಚ್ಚಬೇಡಿ. ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ. ರೆಕ್ಕೆ ಬಾಗಿರದಿದ್ದರೆ ಅನೇಕ ಸಲ ಅದನ್ನೇ ಮತ್ತೆ ಅಂಟಿಸಲಾಗುತ್ತದೆ.