ದುಡ್ಡು ಹದಕ್ಕೆ ಕೊಡು, ಹೊಳಪಿಗಲ್ಲ

ಮಗಾ, ಕೈಯಲ್ಲಿ ಮಾಡಿದ, ಮಡಚದ ಚಾಕು ಬೇಕು ಅಂತ ಫೋನಿನಲ್ಲಿ ಚಿತ್ರ ತೋರಿಸಿದೆಯಲ್ಲ, ಅದನ್ನು ಪೂರ್ತಿ ನೋಡಿದೆ. ಅಲಗಿನ ತುಂಬ ಅಲೆಅಲೆ ಗೆರೆ, ಹಿತ್ತಾಳೆಯ ಮೊಳೆ, ಎಲುಬಿನ ಹಿಡಿ, ಮೇಲೆ ಅರ್ಧ ದರ ಅನ್ನುವ ಬರಹ. ಚೆನ್ನಾಗಿದೆ. ಗೋಡೆಗೆ ತೂಗುಹಾಕುವವರಿಗೆ ಬಹಳ ಚೆನ್ನಾಗಿದೆ. ನೀನು ಕುರಿ ಸಾಕುವವನು, ಶೇಂಗಾ ಹೊಲ ಇರುವವನು. ನಿನಗೆ ಬೇಕಾದದ್ದು ಬೇರೆ.

ಎಷ್ಟು ದುಡ್ಡು ಅನ್ನುವುದಕ್ಕೆ ಮೊದಲು ಯಾವ ಕೆಲಸ ಅಂತ ಹೇಳು. ಕುರಿ ಗೊರಸು ಹೆರೆಯಬೇಕು, ಹಗ್ಗ ಕೊಯ್ಯಬೇಕು, ಡ್ರಿಪ್ ಪೈಪು ಕತ್ತರಿಸಬೇಕು, ಈರುಳ್ಳಿ ಚೀಲದ ಹುರಿ ಬಿಚ್ಚಬೇಕು, ಹಬ್ಬಕ್ಕೆ ಮರಿ ಕೊಯ್ದರೆ ಚರ್ಮ ಸುಲಿಯಬೇಕು. ಇದಿಷ್ಟಕ್ಕೂ ನಾಲ್ಕು ಇಂಚಿನ ಅಲಗು ಧಾರಾಳ. ಜಾಲಿ ಕೊಂಬೆ ಕಡಿದು ಮೇಕೆಗೆ ಹಾಕುವುದು ಮಚ್ಚಿನ ಕೆಲಸ, ಅದು ಮನೆಯಲ್ಲಿದೆ. ಎರಡನ್ನೂ ಒಂದರಲ್ಲೇ ಮಾಡಿಸುತ್ತೇನೆ ಅಂತ ಹೋದವನಿಗೆ ಸಿಗುವುದು ಕಡಿಯಲು ಹಗುರ, ಕೊಯ್ಯಲು ದಪ್ಪ ಅನ್ನುವಂಥ ಒಂದು ಕಬ್ಬಿಣದ ತುಂಡು. ಒಂದೇ ಚಾಕು ಎಲ್ಲಕ್ಕೂ ಸಾಕು ಅನ್ನುವುದು ಮಾರುವವನ ಮಾತು, ಬಳಸುವವನದಲ್ಲ.

ಚಿಕ್ಕದು ಮಾಡಿಸು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗನ್ನು ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸಿವೆ. ಮನೆಬಳಕೆ, ಬೇಸಾಯ, ಕೈಗಾರಿಕೆಗೆ ಅಂತ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ಹೊಲದಲ್ಲಿ ಮಚ್ಚು ಹಿಡಿದು ನಿಂತವನನ್ನು ಯಾರೂ ಕೇಳುವುದಿಲ್ಲ. ಅದೇ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆಯಲ್ಲಿ ತಿರುಗಿದರೆ ಠಾಣೆಯಲ್ಲಿ ಬೇಸಾಯದ ಪಾಠ ಹೇಳಬೇಕಾಗುತ್ತದೆ. ಚಾಕು ಚಿಕ್ಕದಾದರೂ ಅಷ್ಟೆ, ಗೌರಸಮುದ್ರದ ಮಾರಮ್ಮನ ಜಾತ್ರೆಗೋ ನಾಯಕನಹಟ್ಟಿ ತೇರಿಗೋ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗು.

ಈಗ ಕಬ್ಬಿಣದ ವಿಚಾರ. ನಮ್ಮ ಕಡೆ ಕುಲುಮೆಗಳಲ್ಲಿ ಹೆಚ್ಚಾಗಿ ಬಳಸುವುದು ಲಾರಿಯ ಕಮಾನ್ ಪಟ್ಟಿ. ಚಳ್ಳಕೆರೆಯಲ್ಲಿ ಬಳ್ಳಾರಿ ರಸ್ತೆಯ ಗ್ಯಾರೇಜು, ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತದೆ. ಇದನ್ನು ಹಳೇ ಕಬ್ಬಿಣ ಅಂತ ಹೀಗಳೆಯಬೇಡ. ಅದರಲ್ಲಿ ಇಂಗಾಲ ಸುಮಾರು ಶೇಕಡ 0.5ರಿಂದ 0.6ರಷ್ಟು ಇರುತ್ತದೆ, ಕಾಸಿ ಅದ್ದಿದರೆ ಗಟ್ಟಿಯಾಗುತ್ತದೆ, ಬಾಗಿದರೂ ಬೇಗ ಮುರಿಯುವುದಿಲ್ಲ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಇದರ ಅರ್ಧದ ಆಸುಪಾಸು; ಎಷ್ಟು ಬಡಿದರೂ, ಎಷ್ಟು ಮಸೆದರೂ ಅದರ ಬಾಯಿ ನಿಲ್ಲುವುದಿಲ್ಲ. ಹಳೇ ಅರದಲ್ಲಿ ಇಂಗಾಲ ಶೇಕಡ 1ಕ್ಕೂ ಹೆಚ್ಚು. ಅದರ ಚಾಕು ಕ್ಷೌರದ ಕತ್ತಿಯ ಹರಿತಕ್ಕೆ ಬರುತ್ತದೆ, ಆದರೆ ಹದ ತಪ್ಪಿದರೆ ಕಲ್ಲಿಗೆ ತಾಗಿದೊಡನೆ ಚಕ್ಕೆ ಏಳುತ್ತದೆ. ನಿನ್ನಂಥವನಿಗೆ ಕಮಾನ್ ಪಟ್ಟಿಯೇ ಸರಿ. ಮುರಿದ ಪಟ್ಟಿಯನ್ನು ಮಾತ್ರ ಕೊಳ್ಳಬೇಡ. ಅದು ವರ್ಷಗಟ್ಟಲೆ ಬಾಗಿ ಬಾಗಿ ದಣಿದಿರುತ್ತದೆ, ಕಣ್ಣಿಗೆ ಕಾಣದ ಸೀಳು ಒಳಗಿರಬಹುದು. ಸಾಧ್ಯವಾದರೆ ಕಮಾನು ಕಟ್ಟುವವರ ಹತ್ತಿರ ಹೊಸ ಪಟ್ಟಿ ಕತ್ತರಿಸಿ ಉಳಿದ ತುಂಡು ಕೇಳು.

ಯಾವ ಕಬ್ಬಿಣ ಅಂತ ಅನುಮಾನ ಬಂದರೆ ಗ್ರೈಂಡರ್‌ಗೆ ಹಿಡಿಸಿ ಕಿಡಿ ನೋಡು. ಮೆದು ಕಬ್ಬಿಣದ ಕಿಡಿ ನೇರವಾಗಿ ಉದ್ದಕ್ಕೆ ಹೋಗಿ ಸುಮ್ಮನೆ ಆರಿಹೋಗುತ್ತದೆ. ಇಂಗಾಲ ಹೆಚ್ಚಿದ್ದರೆ ಕಿಡಿ ತುದಿಯಲ್ಲಿ ಒಡೆದು ಕವಲು ಕವಲಾಗಿ ಸಿಡಿಯುತ್ತದೆ. ಒಂದು ಸರಳಿನ ತುಂಡು, ಒಂದು ಹಳೇ ಅರ ಪಕ್ಕಪಕ್ಕ ಇಟ್ಟುಕೊಂಡು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ.

ತುಕ್ಕು ಹಿಡಿಯದ ಸ್ಟೀಲ್‌ನಲ್ಲೇ ಮಾಡಿಕೊಡಿ ಅಂತ ಆಚಾರಿಯನ್ನು ಕಾಡಬೇಡ. ಅದಕ್ಕೆ ಸಾವಿರ ಡಿಗ್ರಿಗೂ ಮೀರಿದ ಕಾವು, ಅಳತೆ ಮಾಡಿ ಹಿಡಿದಿಡುವ ಭಟ್ಟಿ ಬೇಕು. ಇದ್ದಿಲು ಕುಲುಮೆಯಲ್ಲಿ ಆಗದ ಕೆಲಸ ಅದು. ಅಲೆಅಲೆ ಗೆರೆಯ ‘ಡಮಾಸ್ಕಸ್’ ವಿಚಾರವೂ ಹಾಗೆಯೇ. ಹಿಂದೆ ಆ ಹೆಸರಿನ ಕತ್ತಿಗಳಿಗೆ ನಮ್ಮ ದಕ್ಷಿಣದ ಉಕ್ಕು ಹೋಗುತ್ತಿತ್ತು, ನಿಜ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ಕರಗಿಸುವವರ, ಉಕ್ಕು ಮಾಡುವವರ ಕೆಲಸ ನೋಡಿ ಬರೆದಿಟ್ಟಿದ್ದಾನೆ. ಈಗ ಅಗ್ಗಕ್ಕೆ ಬರುವುದು ಎರಡು ಬಗೆಯ ಕಬ್ಬಿಣವನ್ನು ಪದರ ಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಒಳ್ಳೆಯ ಕೈಯಲ್ಲಿ ಅದೂ ಒಳ್ಳೆಯದೇ, ಆದರೆ ಆ ಕೈಯ ಕೂಲಿ ದುಬಾರಿ. ಅರ್ಧ ದರಕ್ಕೆ ಸಿಗುವುದರಲ್ಲಿ ಗೆರೆ ಇರುತ್ತದೆ, ಪದರದ ಒಳಗೆ ಏನಿದೆ ಅಂತ ಕೇಳಿದರೆ ಹೇಳುವವರು ಇರುವುದಿಲ್ಲ.

ಮೊಳಕಾಲ್ಮೂರಿನ ಕಡೆ ಹೋದಾಗ ಬ್ರಹ್ಮಗಿರಿ ನೋಡಿದ್ದೀಯಲ್ಲ, ಅಶೋಕನ ಶಾಸನ ಇರುವ ಜಾಗ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಕಲ್ಲುಗೋರಿಗಳಲ್ಲಿ ಕಬ್ಬಿಣದ ಚೂರಿ, ಕುಡುಗೋಲು, ಬಾಣದ ಮೊನೆಗಳು ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸತ್ತವರ ಜೊತೆಗೆ ಇಟ್ಟು ಕಳಿಸುವಷ್ಟು ಬೆಲೆ ಅವಕ್ಕಿತ್ತು. ಈ ಸೀಮೆಯಲ್ಲಿ ಕಬ್ಬಿಣ ಬಡಿಯುವ ಕೆಲಸ ಹೊರಗಿನಿಂದ ಪಾರ್ಸೆಲ್‌ನಲ್ಲಿ ಬರಬೇಕಾಗಿಲ್ಲ ಅಂತ ಹೇಳುವುದಕ್ಕೆ ಈ ಮಾತು ತೆಗೆದೆ.

ಇನ್ನು ಮುಖ್ಯವಾದದ್ದು ಹದ. ಚಾಕುವಿನ ಬೆಲೆಯಲ್ಲಿ ನೀನು ನಿಜವಾಗಿ ಕೊಳ್ಳುವುದು ಇದನ್ನೇ. ಆಕಾರ ಕೊಡುವುದು ಕೈಬಲ ಇರುವ ಯಾರಿಗಾದರೂ ಬರುತ್ತದೆ. ಹದ ಕೊಡುವುದು ಕಣ್ಣಿನ ಕೆಲಸ. ಚಾಕು ಅದ್ದುವ ಹೊತ್ತಿಗೆ ಕುಲುಮೆ ಹತ್ತಿರ ನಿಂತಿರು, ಬೀಡಿ ಅಂಗಡಿಗೆ ಹೋಗಬೇಡ. ಬಲ್ಲ ಆಚಾರಿ ಅದನ್ನು ಬಿಸಿಲಿನಲ್ಲಿ ಮಾಡುವುದಿಲ್ಲ, ನೆರಳು ನೋಡುತ್ತಾನೆ. ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ. ಅಲಗು ಒಂದೇ ಸಮ ಕೆಂಪಾಗಬೇಕು, ಹಳದಿಗೆ ತಿರುಗಬಾರದು. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಹಳೇ ಸ್ಪೀಕರ್‌ನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಮುಟ್ಟಿಸಿ ನೋಡುವವರೂ ಇದ್ದಾರೆ. ಅಂಟುವುದು ನಿಂತ ಮೇಲೆ ಇನ್ನೊಂದು ಚೂರು ಕಾವು ಕೊಟ್ಟು ತೆಗೆಯುತ್ತಾರೆ.

ಮಚ್ಚು, ಕುಡುಗೋಲಿಗೆ ನಮ್ಮವರು ಬಾಯಿಯ ಕಡೆಯಷ್ಟನ್ನೇ ನೀರಿಗೆ ಅದ್ದುತ್ತಾರೆ. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ಹೊರತೆಗೆದು ಬಾಯಿಯನ್ನು ಕಲ್ಲಿನ ತುಂಡಿನಿಂದ ಪರಪರ ಉಜ್ಜಿದರೆ ಬಿಳಿ ಕಬ್ಬಿಣ ಕಾಣುತ್ತದೆ. ಆಗ ಬೆನ್ನಿನ ಕಾವು ಬಾಯಿಯ ಕಡೆಗೆ ಇಳಿಯುತ್ತ ಬಣ್ಣ ಹರಿಯುತ್ತದೆ: ಮೊದಲು ತೆಳು ಹಳದಿ, ಹಿಂದೆಯೇ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿ ಅಂದರೆ 220-230 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಕೊಯ್ಯುವ ಚಾಕುವಿಗೆ ಬಾಯಿಯಲ್ಲಿ ಹಳದಿ ಬಂದ ಕ್ಷಣವೇ ಪೂರ್ತಿ ಅದ್ದಿ ನಿಲ್ಲಿಸಬೇಕು. ಕಡಿಯುವ ಮಚ್ಚಾದರೆ ಕಂದು, ನೇರಳೆಯವರೆಗೂ ಬಿಡಬಹುದು. ಇದೆಲ್ಲ ನಡೆಯುವುದು ನೀನು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನಲ್ಲಿ. ನಡುವೆ ಮಾತಾಡಿಸಬೇಡ.

ತೆಳು ಚಾಕುವಿಗೆ ನೀರಿಗಿಂತ ಎಣ್ಣೆ ಮೇಲು. ಕಮಾನ್ ಪಟ್ಟಿಯ ಉಕ್ಕು ನೀರಿನಲ್ಲಿ ಗಕ್ಕನೆ ತಣಿದು ಸೀಳುವುದುಂಟು. ಎಣ್ಣೆಗೆ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಇದಕ್ಕೆ ಬರವೇನು? ಶೇಂಗಾ ಎಣ್ಣೆ ಹೊರದೇಶದ ಚಾಕು ಮಾಡುವವರೂ ಬಳಸುವಂಥದು. ಕಬ್ಬಿಣದ ಡಬ್ಬದಲ್ಲಿ, ಕೈಗೆ ಬೆಚ್ಚಗೆ ತಾಗುವಷ್ಟು ಕಾಸಿಕೊಂಡು ಅದ್ದಲು ಹೇಳು. ಎಣ್ಣೆ ನೀನೇ ಒಯ್ದು ಕೊಡು. ಇಲ್ಲದಿದ್ದರೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಸುತ್ತಾರೆ, ಅದರ ಹೊಗೆ ಎದೆಗೆ ಕೆಟ್ಟದ್ದು. ಅದ್ದುವಾಗ ಭಗ್ಗನೆ ಉರಿ ಏಳುತ್ತದೆ, ದೂರ ನಿಲ್ಲು. ಎಣ್ಣೆಯಲ್ಲಿ ಪೂರ್ತಿ ಅದ್ದಿದ್ದನ್ನು ಆಮೇಲೆ ಮತ್ತೆ ಹಗುರವಾಗಿ ಕಾಸಿ ಅದೇ ಹಳದಿಗೆ ತರಬೇಕು. ಆ ಎರಡನೇ ಕಾವು ತಪ್ಪಿಸಿದರೆ ಚಾಕು ಕೈಜಾರಿ ಬಿದ್ದರೂ ಮುರಿಯುತ್ತದೆ.

ಹದ ಆಯಿತೋ ಇಲ್ಲವೋ ನೋಡುವ ದಾರಿ ಸುಲಭ. ಹೊಸ ಅರದಿಂದ ಬಾಯಿಯ ಮೇಲೆ ಒಂದೆಳೆ ಎಳೆ. ಜಾರಿದರೆ ಗಟ್ಟಿ, ಕಚ್ಚಿದರೆ ಮೆದು. ಆಮೇಲೆ ಮಸೆದು ಒಣಗಿದ ಜಾಲಿ ಕಟ್ಟಿಗೆಯನ್ನು ಒಂದಷ್ಟು ಹೆರೆದು, ಬಾಯಿಯನ್ನು ಬೆಳಕಿಗೆ ಹಿಡಿದು ನೋಡು. ಮಡಚಿದ್ದರೆ ಮೆದು, ಹಲ್ಲು ಬಿದ್ದಿದ್ದರೆ ಹೆಚ್ಚು ಗಡಸು. ಎರಡಕ್ಕೂ ಮತ್ತೊಮ್ಮೆ ಕುಲುಮೆಯಲ್ಲೇ ಮದ್ದು.

ಒಂದು ಎಚ್ಚರಿಕೆ. ಹದ ಆದ ಮೇಲೆ ಗ್ರೈಂಡರ್‌ಗೆ ಹಿಡಿದು ತೆಳ್ಳಗೆ ಮಾಡುವಾಗ ಬಾಯಿ ನೀಲಿ ಆಯಿತೋ, ಅಲ್ಲಿಗೆ ಮುಗಿಯಿತು. ಅಷ್ಟು ಹೊತ್ತಿನ ಕೆಲಸ ಆ ಜಾಗದಲ್ಲಿ ನೀರುಪಾಲು. ಪಕ್ಕದಲ್ಲಿ ಬಕೆಟ್ ಇಟ್ಟು ಗಳಿಗೆಗೊಮ್ಮೆ ಅದ್ದುತ್ತ ಮಸೆಯುವ ಆಚಾರಿ ಸಿಕ್ಕರೆ ಅವನನ್ನು ಬಿಡಬೇಡ. ದಪ್ಪವನ್ನೂ ಮೊದಲೇ ಹೇಳು. ಲಾರಿ ಪಟ್ಟಿ ಬೆರಳು ದಪ್ಪ ಇರುತ್ತದೆ. ಅದನ್ನು ಬಡಿದು ಬೆನ್ನಿನಲ್ಲಿ ಮೂರು ಮಿಲಿಮೀಟರಿಗೆ ಇಳಿಸಬೇಕು. ಅಷ್ಟು ಬಡಿಯುವುದು ಶ್ರಮ ಅಂತ ಅರ್ಧಕ್ಕೇ ನಿಲ್ಲಿಸಿ, ಬಾಯಿಯನ್ನು ಮಾತ್ರ ಗ್ರೈಂಡರ್‌ನಲ್ಲಿ ತೀಡಿ ಕೊಡುವವರಿದ್ದಾರೆ. ಆ ಚಾಕು ಈರುಳ್ಳಿಯನ್ನೂ ಸೀಳುತ್ತದೆಯೇ ಹೊರತು ಕೊಯ್ಯುವುದಿಲ್ಲ.

ಹಿಡಿಯ ವಿಚಾರ ಹೆಚ್ಚು ಹೇಳುವುದಿಲ್ಲ. ಅಲಗಿನ ಕಬ್ಬಿಣ ಹಿಡಿಯ ಕೊನೆವರೆಗೂ ಹೋಗಿ, ಎರಡೂ ಕಡೆ ಮರದ ಹಲಗೆ ಕೂತು, ರಿವಿಟ್ ಬಿದ್ದಿರಲಿ. ಸಣ್ಣ ಬಾಲವನ್ನು ಅರಗಿನಲ್ಲಿ ಕೂರಿಸಿ ಬಳೆ ತೊಡಿಸುವ ಹಳೇ ಪದ್ಧತಿ ಅಡುಗೆಮನೆಗೆ ಸಾಕು, ಗೊರಸು ಹೆರೆಯುವಾಗ ಅಲ್ಲಾಡುತ್ತದೆ. ಮರಕ್ಕೆ ಬೀಟೆ ಹುಡುಕಿ ದುಡ್ಡು ಹಾಳುಮಾಡಬೇಡ. ಕರಿಜಾಲಿ, ದಿಂಡಿಗ, ಕಮರ ಯಾವುದಾದರೂ ಸರಿ, ಚೆನ್ನಾಗಿ ಒಣಗಿರಬೇಕು. ಹಸಿ ಮರ ನಮ್ಮ ಬೇಸಿಗೆಯಲ್ಲಿ ಕುಗ್ಗಿ ರಿವಿಟ್ ಸಡಿಲವಾಗುತ್ತದೆ. ಹಿಡಿಗೆ ವಾರ್ನಿಷ್ ಬೇಡ, ಬೆವರಿಗೆ ಜಾರುತ್ತದೆ. ಒರೆಯನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸು, ಹೊಲಿಗೆಯ ಒಳಗೆ ಇನ್ನೊಂದು ತೊಗಲಿನ ಪಟ್ಟಿ ಇಡಿಸು, ಇಲ್ಲದಿದ್ದರೆ ಬಾಯಿ ದಾರವನ್ನೇ ಕೊಯ್ಯುತ್ತದೆ. ಆದರೆ ಚಾಕುವನ್ನು ತಿಂಗಳುಗಟ್ಟಲೆ ಒರೆಯಲ್ಲೇ ಬಿಡಬೇಡ, ತೊಗಲು ತೇವ ಹಿಡಿದು ತುಕ್ಕು ತರಿಸುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಊರುಗಳಲ್ಲಿ ನಮ್ಮದೂ ಒಂದು, ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಬೆಲೆ. ಹಿಂದೆ ಕಮ್ಮಾರರಿಗೆ ದುಡ್ಡು ಕೊಡುವ ಪದ್ಧತಿ ಇರಲಿಲ್ಲ. ಅವರು ಊರಿನ ಆಯಗಾರರು. ವರ್ಷವಿಡೀ ಕುಳ ತಟ್ಟಿ, ಕುಡುಗೋಲು ಹಣಿಸಿ ಕೊಡುವರು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಒಯ್ಯುವರು. ಟ್ರ್ಯಾಕ್ಟರ್ ಬಂದು ಕುಳದ ಕೆಲಸ ಹೋಯಿತು, ಆಯವೂ ಹೋಯಿತು. ಉಳ್ಳಾರ್ತಿ ಕಾವಲು, ಖುದಾಪುರ, ವರವು ಕಾವಲುಗಳಿಗೆ ಸಂಶೋಧನಾ ಸಂಸ್ಥೆಗಳ ಬೇಲಿ, ಗೋಡೆ ಬಂದ ಮೇಲೆ ಕುರಿ ಮೇಯುವ ಜಾಗವೂ ಕುಗ್ಗಿತು. ಆ ಗೋಡೆಯಾಚೆ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ವಾಹನವನ್ನು ಆಕಾಶದಿಂದ ಬಿಟ್ಟು ತಾನಾಗಿ ಇಳಿಯುವಂತೆ ಮಾಡಿದರು. ಸಂತೋಷದ ಸುದ್ದಿಯೇ. ಗೋಡೆಯ ಈಚೆ ಕುಲುಮೆ ಊದುವವರು ಮಾತ್ರ ಊರೂರಿಗೆ ಒಬ್ಬರಂತೆಯೂ ಉಳಿದಿಲ್ಲ.

ಆದ್ದರಿಂದ ಚೌಕಾಸಿ ಮಾಡಬೇಕಾದರೆ ಗುಜರಿಯಲ್ಲಿ ಮಾಡು, ಕುಲುಮೆಯ ಮುಂದೆ ಬೇಡ. ನೂರು ರೂಪಾಯಿ ಇಳಿಸಿದರೆ ಅವರು ಆ ನೂರನ್ನು ಎರಡನೇ ಕಾವಿನಲ್ಲಿ ಉಳಿಸಿಕೊಳ್ಳುತ್ತಾರೆ, ನಿನಗೆ ಗೊತ್ತೂ ಆಗುವುದಿಲ್ಲ. ಹೊಳಪು ಬೇಡ, ಹೆಸರು ಕೆತ್ತುವುದು ಬೇಡ, ಹಿತ್ತಾಳೆ ಬೇಡ, ಹದ ಮಾತ್ರ ಎರಡು ಸಲ ನೋಡಿ ಕೊಡಿ ಆಚಾರ್ರೇ ಅಂತ ಹೇಳು. ಕೆಲಸ ಬಲ್ಲವರಿಗೆ ಆ ಒಂದು ಮಾತಿನಿಂದಲೇ ಬಂದವನು ಯಾರು ಅಂತ ಗೊತ್ತಾಗುತ್ತದೆ. ರಸ್ತೆ ಬದಿ ಡೇರೆ ಹಾಕಿ, ಹೆಂಗಸರೇ ಚಮ್ಮಟಿಗೆ ಎತ್ತಿ ಬಡಿಯುವ ಉತ್ತರದ ಕಮ್ಮಾರ ಕುಟುಂಬಗಳು ಬರುತ್ತವಲ್ಲ, ಅವರ ಕೈಯೂ ಬಹಳ ಒಳ್ಳೆಯದು, ದರವೂ ಕಡಿಮೆ. ತೊಂದರೆ ಒಂದೇ: ಮುಂದಿನ ತಿಂಗಳು ಬಾಯಿ ಮಡಚಿದರೆ ಅವರು ಯಾವ ಊರಿನಲ್ಲಿರುತ್ತಾರೋ. ಚಾಕು ಅಗ್ಗವೋ ದುಬಾರಿಯೋ ಅನ್ನುವುದು ತೀರ್ಮಾನವಾಗುವುದು ಎರಡನೇ ಸಲ ಕುಲುಮೆಗೆ ಒಯ್ಯಬೇಕಾದಾಗ. ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ಹತ್ತಿರ ಇರುವವರ ಕೈಯಲ್ಲಿ ಮಾಡಿಸು, ನಾಲ್ಕು ಕಾಸು ಹೆಚ್ಚಾದರೂ ಸರಿ.

ಹೋಗುವುದಾದರೆ ಮುಂಗಾರಿಗೆ ಮೊದಲೇ ಹೋಗು. ಶೇಂಗಾ ಬಿತ್ತನೆ ಶುರುವಾದರೆ ಕುಂಟೆಯ ಕುಡ ಹಿಡಿದವರು ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ, ನಿನ್ನ ಚಾಕುವನ್ನು ದೀಪಾವಳಿವರೆಗೂ ಯಾರೂ ಮುಟ್ಟುವುದಿಲ್ಲ.