ಹೆಸರಿಲ್ಲದ ಹಳದಿ ಗೆರೆ: ಘೋಣಸಗಿಯಲ್ಲಿ ಕುಳಿತು ವಿಜ್ಞಾನದ ಧ್ವನಿಕಥೆ ಕಟ್ಟುವ ಬಗೆ

ವಿಜ್ಞಾನದ ಇತಿಹಾಸದಲ್ಲಿ ಅಚ್ಚರಿಯ ಕಥೆಗಳನ್ನು ಅರಸುವವರು ಸಾಮಾನ್ಯವಾಗಿ ಲಂಡನ್ನಿನತ್ತಲೋ ಪ್ಯಾರಿಸ್ಸಿನತ್ತಲೋ ಮುಖ ಮಾಡುತ್ತಾರಾದರೂ, ತಿಕೋಟಾ ತಾಲ್ಲೂಕಿನ ಘೋಣಸಗಿಯಲ್ಲಿ ಒಂದು ಮೊಬೈಲ್ ಫೋನ್ ಹಿಡಿದು ಧ್ವನಿಕಥೆ ಕಟ್ಟಬಯಸುವ ಶಿಕ್ಷಕರಿಗೂ ಪ್ರೌಢಶಾಲೆಯ ಮಕ್ಕಳಿಗೂ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಧ್ವನಿಕಥೆ ಎಂದರೆ ನಿರೂಪಣೆ, ಪಾತ್ರಗಳ ಮಾತು ಮತ್ತು ಹಿನ್ನೆಲೆಯ ಸದ್ದುಗಳನ್ನು ಹೆಣೆದು ಕೇವಲ ಕಿವಿಗೆ ಒಪ್ಪಿಸುವ ರಚನೆ. ಇಂದು ಪಾಡ್‌ಕಾಸ್ಟ್ ಎಂದು ಕರೆಯಲಾಗುವುದೂ ಹಿಂದಿನ ಬಾನುಲಿ ರೂಪಕವೂ ಇದೇ ವಂಶಕ್ಕೆ ಸೇರಿದವು. ಅಂಥ ರಚನೆಗೆ ಹೇಳಿ ಮಾಡಿಸಿದಂತಹ ಘಟನೆಯೊಂದು 1868ರ ಆಗಸ್ಟ್ 18ರ ಮಂಗಳವಾರ, ಶ್ರಾವಣ ಅಮಾವಾಸ್ಯೆಯ ಬೆಳಿಗ್ಗೆ, ಈ ಸೀಮೆಯ ಆಕಾಶದಲ್ಲಿಯೇ ನಡೆಯಿತು. ಅಂದು ಚಂದ್ರನ ನೆರಳು ಅರಬ್ಬಿ ಸಮುದ್ರದ ಕಡೆಯಿಂದ ಬಂದು ಜಮಖಂಡಿ ಮತ್ತು ವಿಜಯಪುರಗಳನ್ನು ಹಾಯ್ದು ಗುಂಟೂರು, ಮಚಲೀಪಟ್ಟಣಗಳತ್ತ ಸಾಗಿತು; ನೆರಳಿನ ಪಟ್ಟಿ ಸುಮಾರು 200 ಕಿ.ಮೀ. ಅಗಲವಿದ್ದುದರಿಂದ ಘೋಣಸಗಿಯ ಹೊಲಗಳೂ ಅದರ ಒಳಗೇ ಇದ್ದವು.

ಮೊದಲು ಕಥೆಯನ್ನು ಗಟ್ಟಿ ಮಾಡಿಕೊಳ್ಳುವುದು

ಧ್ವನಿಮುದ್ರಣಕ್ಕೆ ಕೈಹಚ್ಚುವ ಮುನ್ನ ಆಗಬೇಕಾದ ಕೆಲಸ ಸತ್ಯಾಸತ್ಯತೆಯ ಪರೀಕ್ಷೆ. ಈ ಗ್ರಹಣದ ಬಗ್ಗೆ ಪ್ರಚಲಿತವಾಗಿರುವ ಒಂದು ಸವಿಯಾದ ಕಥೆಯ ಪ್ರಕಾರ, ಫ್ರಾನ್ಸಿನ ಖಗೋಳವಿಜ್ಞಾನಿ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ಅಂದೇ ಹೀಲಿಯಂ ಧಾತುವನ್ನು ಕಂಡುಹಿಡಿದರು. ನಡೆದದ್ದು ಹಾಗಲ್ಲ. ಅಂದು ಹಲವು ವೀಕ್ಷಕರು ರೋಹಿತದರ್ಶಕವನ್ನು, ಅಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣವನ್ನು, ಸೂರ್ಯನ ಅಂಚಿನಿಂದ ಮೇಲೇಳುವ ಕೆಂಪು ಚಾಚಿಕೆಗಳ ಕಡೆಗೆ ತಿರುಗಿಸಿ, ಅವು ಕಾಯ್ದ ಅನಿಲದ ರಾಶಿಗಳೆಂಬುದನ್ನು ಹೊಳೆಯುವ ಗೆರೆಗಳಿಂದ ಗುರುತಿಸಿದರು. ಜಾನ್ಸೆನ್ ಅವರ ನಿಜವಾದ ಸಾಧನೆಯೆಂದರೆ, ಅದೇ ಚಾಚಿಕೆಗಳನ್ನು ಗ್ರಹಣವಿಲ್ಲದ ದಿನವೂ ನೋಡಬಹುದೆಂದು ಮನಗಂಡು, ಮರುದಿನ ಬೆಳಿಗ್ಗೆ ಬಟ್ಟಬಯಲ ಬಿಸಿಲಿನಲ್ಲಿ ಅದನ್ನು ಮಾಡಿ ತೋರಿಸಿದ್ದು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅಕ್ಟೋಬರ್ 20ರಂದು ಸ್ವತಂತ್ರವಾಗಿ ಅದೇ ವಿಧಾನವನ್ನು ತಲುಪಿದರು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಅಕ್ಟೋಬರ್ 26ರಂದು, ಒಂದೇ ದಿನ, ಓದಲ್ಪಟ್ಟವು. ಚಾಚಿಕೆಗಳ ಬೆಳಕಿನಲ್ಲಿ ಕಾಣುವ ಗೆರೆಗಳಲ್ಲಿ ಒಂದಾದ ಹಳದಿ ಗೆರೆ ಸೋಡಿಯಂನ ಗೆರೆಯಲ್ಲ ಎಂಬುದನ್ನು ಪಟ್ಟು ಹಿಡಿದು ತೋರಿಸಿದವರು ಲಾಕಿಯರ್. ಸೂರ್ಯನಿಗಿರುವ ಗ್ರೀಕ್ ಹೆಸರಿನಿಂದ ಹುಟ್ಟಿದ ‘ಹೀಲಿಯಂ’ ಎಂಬ ಪದ 1871ರಲ್ಲಿ ಸಾರ್ವಜನಿಕ ಭಾಷಣದಲ್ಲಿ ಕೇಳಿಬಂದಿತಾದರೂ, ಭೂಮಿಯ ಮೇಲೆ ಆ ಅನಿಲ ವಿಲಿಯಂ ರ‍್ಯಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಉಳ್ಳ ಖನಿಜವೊಂದರೊಳಗಿನಿಂದ.

ಇನ್ನು ಈ ನೆಲದ ಪಾಲು. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷಲ್ ಅವರ ಮೊಮ್ಮಗ, ಭಾರತದ ತ್ರಿಕೋನಮಿತೀಯ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಲೆಫ್ಟಿನೆಂಟ್ ಜಾನ್ ಹರ್ಷಲ್, ರಾಯಲ್ ಸೊಸೈಟಿಯ ಉಪಕರಣಗಳೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದರು. ಮೋಡಗಳು ಸತಾಯಿಸಿದರೂ, ಅವು ಸರಿದ ಕೆಲವೇ ಗಳಿಗೆಗಳಲ್ಲಿ ಅವರಿಗೆ ಕೆಂಪು, ಕಿತ್ತಳೆ ಮತ್ತು ನೀಲಿ ಬಣ್ಣದ ಮೂರು ಗೆರೆಗಳು ಸ್ಪಷ್ಟವಾಗಿ ಕಂಡವು. ಕಿತ್ತಳೆಯ ಗೆರೆ ತಮ್ಮ ಉಪಕರಣದ ಶಕ್ತಿಯ ಮಿತಿಯೊಳಗೆ ಸೋಡಿಯಂನದೇ ಎಂದು ಅವರು ವರದಿ ಮಾಡಿದರು. ವಿಜಯಪುರದಲ್ಲಿ ಕ್ಯಾಪ್ಟನ್ ಸಿ.ಟಿ. ಹೇಗ್ ಸಣ್ಣ ಕೈ ರೋಹಿತದರ್ಶಕದಲ್ಲಿ ಎರಡು ಪಟ್ಟಿಗಳನ್ನು, ಒಂದು ಗುಲಾಬಿಗೆಂಪು, ಇನ್ನೊಂದು ತಿಳಿಹೊನ್ನಿನ ಬಣ್ಣದ್ದು, ನೋಡಿ ಬರೆದಿಟ್ಟರು. ಭೂಮಿಯ ಮೇಲೆ ಯಾರಿಗೂ ಗೊತ್ತಿರದ ಧಾತುವಿನ ಬೆಳಕು ವಿಜಯಪುರದಲ್ಲಿ ಕಣ್ಣಿಗೆ ಬಿದ್ದು, ಹೆಸರಿಲ್ಲದೆ ಹಾದುಹೋಯಿತು. ಧ್ವನಿಕಥೆಯ ಎದೆಗುಂಡಿಗೆ ಇರುವುದು ಇಲ್ಲಿಯೇ. ‘ಹೀಲಿಯಂ ನಮ್ಮೂರಿನಲ್ಲಿ ಪತ್ತೆಯಾಯಿತು’ ಎಂಬ ಬಡಾಯಿ ಇದರ ಮುಂದೆ ಸಪ್ಪೆ, ಸಾಲದ್ದಕ್ಕೆ ಸುಳ್ಳು.

ಮೂಲ ವರದಿಗಳು ರಾಯಲ್ ಸೊಸೈಟಿಯ ಅಂದಿನ ನಡಾವಳಿಗಳಲ್ಲಿ ಅಚ್ಚಾಗಿದ್ದು, ಅಂತರಜಾಲದ ಗ್ರಂಥಭಂಡಾರಗಳಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಹುಡುಕುವಾಗ ಊರಿನ ಹೆಸರನ್ನು ಇಂದಿನ ಕಾಗುಣಿತದಲ್ಲಷ್ಟೇ ಬರೆದರೆ ಏನೂ ದೊರೆಯದು. ‘ಜಮ್ಕಂಡಿ’, ‘ಬೀಜಾಪೂರ್’ ಎಂಬ ಉಚ್ಚಾರಣೆಗಳಿಗೆ ತಕ್ಕ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನು ಒಂದೊಂದಾಗಿ ಪ್ರಯತ್ನಿಸಬೇಕು. ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂದದ್ದು 1885ರಲ್ಲಿ; 1868ರ ಸರಕಾರಿ ಕಾಗದಗಳಲ್ಲಿ ಈ ಜಿಲ್ಲೆ ಕಲಾದಗಿಯೆಂದೇ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಹೀಲಿಯಂನ ಕಥೆಯ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಗ್ರಂಥ ರಚಿಸಿದ್ದು, ಶಿಕ್ಷಕರು ಅದನ್ನು ಮೊದಲು ಓದಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಕಥೆಯಲ್ಲಿ ದೊರೆಗಳ ಕಡೆಯ ಅಧಿಕಾರಿಗಳೇ ತುಂಬಿಕೊಳ್ಳದಂತೆಯೂ ಎಚ್ಚರ ಬೇಕು: ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದೇ ಗ್ರಹಣವನ್ನು ಇಂದಿನ ತೆಲಂಗಾಣದ ವನಪರ್ತಿಯಿಂದ ವೀಕ್ಷಿಸಿದ್ದರು.

ಕಿವಿಗಾಗಿ ಬರೆಯುವುದು

ಎಂಟು ನಿಮಿಷಗಳ ಧ್ವನಿಕಥೆಗೆ ಸುಮಾರು 750 ಪದಗಳ ಬರಹ ಸಾಕು, ಏಕೆಂದರೆ ನಿಧಾನವಾಗಿ ಓದಿದರೆ ಕನ್ನಡದಲ್ಲಿ ಒಂದು ನಿಮಿಷಕ್ಕೆ ತೊಂಬತ್ತರಿಂದ ನೂರು ಪದಗಳಷ್ಟೇ ಹಿಡಿಯುತ್ತವೆ. ಬರಹದಲ್ಲಿ ‘ಹೀಲಿಯಂ’ ಎಂಬ ಪದವನ್ನು ಆರನೆಯ ನಿಮಿಷದವರೆಗೆ ಎಲ್ಲಿಯೂ ಬಳಸಬಾರದು; ಹರ್ಷಲ್‌ಗೆ ಗೊತ್ತಿಲ್ಲದ್ದು ಕೇಳುಗನಿಗೂ ಗೊತ್ತಿರಬಾರದು. ಅಚ್ಚಾದ ಪುಟದ ಮೇಲೆ ಓದುಗನ ಕಣ್ಣು ಮುಂದೋಡಿ ಗುಟ್ಟನ್ನು ಕದಿಯಬಲ್ಲದು, ಆದರೆ ಕಿವಿಗೆ ಆ ಸ್ವಾತಂತ್ರ್ಯವಿಲ್ಲ. ಅದೇ ಕಾರಣಕ್ಕೆ ಕೇಳುಗ ಹಿಂದಿನ ಪುಟಕ್ಕೂ ಮರಳಲಾರ, ಹಾಗಾಗಿ ಮುಖ್ಯವಾದ ಮಾತು ಮತ್ತೆ ಮತ್ತೆ ಬರಬೇಕಾಗುತ್ತದೆ. ಗೀಗಿ ಪದದಲ್ಲಿ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿ ಹಿಡಿಯುವ ಕ್ರಮವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಆ ಗೆರೆ ಯಾವುದು?’ ಎಂಬ ಪ್ರಶ್ನೆ ಈ ಕಥೆಯ ಪಲ್ಲವಿಯಾಗಬಹುದು.

ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್‌ಗಳಲ್ಲಿಯೂ ಹೀಲಿಯಂನ ಗೆರೆ 587.6ರಲ್ಲಿಯೂ ಇವೆ ಎಂಬ ಲೆಕ್ಕ ಬರೆಯುವವರಿಗೆ ತಿಳಿದಿರಬೇಕೇ ಹೊರತು ಓದಿ ಹೇಳತಕ್ಕದ್ದಲ್ಲ, ಏಕೆಂದರೆ ದಶಮಾಂಶಗಳು ಕಿವಿಯಲ್ಲಿ ನಿಲ್ಲುವುದಿಲ್ಲ. ಅದರ ಬದಲು ಒಲೆಯನ್ನು ತರಬಹುದು. ಉಪ್ಪಿನ ಹರಳು ಬೆಂಕಿಗೆ ಬಿದ್ದಾಗ ಚಟಪಟ ಸಿಡಿಯುತ್ತದೆ, ಉರಿ ಹಳದಿಗೆ ತಿರುಗುತ್ತದೆ; ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ಸೂರ್ಯನಲ್ಲಿಯೂ ಹಳದಿ ಕಂಡವರು ಅಡುಗೆಮನೆಯ ಉಪ್ಪಿನಲ್ಲಿರುವ ಧಾತುವೇ ಅದೆಂದು ಭಾವಿಸಿದ್ದು ಸಹಜವಾಗಿತ್ತು, ಆದರೆ ಗೆರೆ ಒಂದು ಕೂದಲೆಳೆಯಷ್ಟು ಪಕ್ಕದಲ್ಲಿತ್ತು. ಹೀಗೆ ಹೇಳಿದಾಗ ವಿವರಣೆಯೂ ಸಿಗುತ್ತದೆ, ಧ್ವನಿಮುದ್ರಿಸಲು ಒಂದು ಸದ್ದೂ ಸಿಗುತ್ತದೆ.

ಸದ್ದು

ಎಡಿಸನ್ನರ ಧ್ವನಿಲೇಖಕ ಯಂತ್ರ ಹುಟ್ಟಿದ್ದು 1877ರಲ್ಲಿ; ಆದ್ದರಿಂದ 1868ರ ಗ್ರಹಣದ ಒಂದು ಸದ್ದೂ ಜಗತ್ತಿನಲ್ಲಿ ಉಳಿದಿಲ್ಲ, ಕಥೆಯಲ್ಲಿ ಕೇಳಿಸುವುದೆಲ್ಲ ಇಂದು ಕಟ್ಟಿದ್ದು, ಮತ್ತು ಇದನ್ನು ಕಥೆಯ ಆರಂಭದಲ್ಲಿಯೇ ಒಂದು ವಾಕ್ಯದಲ್ಲಿ ಕೇಳುಗರಿಗೆ ತಿಳಿಸಬೇಕು. ಕಟ್ಟಿದ ಸದ್ದಾದರೂ ಕಾಲಕ್ಕೂ ಋತುವಿಗೂ ಹೊಂದಬೇಕು. ವಿಜಯಪುರವೆಂದೊಡನೆ ಬಿಳಿಜೋಳದ ಗರಿಗಳ ಸರಸರ ಸದ್ದನ್ನು ಸೇರಿಸುವ ಆಸೆಯಾಗಬಹುದು, ಆದರೆ ಬಿಳಿಜೋಳ ಹಿಂಗಾರಿ ಬೆಳೆ, ಆಗಸ್ಟಿನಲ್ಲಿ ಅದು ಇನ್ನೂ ಬಿತ್ತನೆಯೇ ಆಗಿರುವುದಿಲ್ಲ. ಆ ಹೊತ್ತಿಗೆ ಹೊಲದಲ್ಲಿರುವುದು ಸಜ್ಜೆ, ತೊಗರಿಯಂಥ ಮುಂಗಾರಿ ಪೈರು. ದ್ರಾಕ್ಷಿ ತೋಟದ ಔಷಧ ಸಿಂಪಡಿಸುವ ಯಂತ್ರದ ಗುಂಯ್‌ಗುಡುವಿಕೆಯಂತೂ ದೂರದಲ್ಲಿಯೂ ಕೇಳಿಸಕೂಡದು. ಗ್ರಹಣದ ಕತ್ತಲಿಗೆ ಹಕ್ಕಿಗಳು ಗೂಡಿಗೆ ಮರಳುವ ದೃಶ್ಯ ಬೇಕಾದರೆ ಸಂಜೆ ಬೇವಿನ ಮರದ ಕೆಳಗೆ ಫೋನನ್ನು ಇರಿಸಿ ಹತ್ತು ನಿಮಿಷ ಮುದ್ರಿಸಿಕೊಂಡರೆ ಸಾಕು. ಬಯಲಿನ ಗಾಳಿ ಮೈಕಿಗೆ ಬಡಿದು ಭರ್ ಎನ್ನದಂತೆ ಅದರ ಮೇಲೊಂದು ತೆಳು ಹತ್ತಿಬಟ್ಟೆ ಸುತ್ತಬೇಕು.

ನಿರೂಪಣೆಯನ್ನು ಮುದ್ರಿಸುವ ಕೋಣೆಯ ಆಯ್ಕೆಯಲ್ಲಿ ಗೋಳಗುಮ್ಮಟವೇ ಗುರು. ಅಲ್ಲಿ ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರುಬದಿಗೆ ಕೇಳಿಸುತ್ತದೆ, ಏಕೆಂದರೆ ಗಟ್ಟಿಯಾದ ನುಣುಪು ಗೋಡೆ ಸದ್ದನ್ನು ನುಂಗದೆ ತನ್ನ ಬಾಗಿಗೆ ಅಂಟಿಸಿಕೊಂಡು ಸಾಗಿಸುತ್ತದೆ. ಮನೆಯ ಗಿಲಾವು ಮಾಡಿದ ಖಾಲಿ ಕೋಣೆಯೂ ಪತ್ರಾಸಿನ ಚಾವಣಿಯೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡಿ ಮಾತನ್ನು ಕಲಸುತ್ತವೆ. ಇದಕ್ಕೆ ಪೇಟೆಯಿಂದ ಏನನ್ನೂ ತರಬೇಕಿಲ್ಲ: ಓದುವವರ ಹಿಂದೆ ಮತ್ತು ಎರಡೂ ಬದಿಗೆ ಹಗ್ಗ ಕಟ್ಟಿ ದಪ್ಪನೆಯ ಕೌದಿಗಳನ್ನು ಇಳಿಬಿಟ್ಟರೆ, ಹಳೆಯ ಸೀರೆಗಳ ಹಲವು ಪದರುಗಳು ಸದ್ದನ್ನು ಹೀರಿಕೊಳ್ಳುತ್ತವೆ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಬದಿಗೆ ಹಿಡಿದರೆ ‘ಪ’, ‘ಭ’ಗಳ ಉಸಿರು ಮೈಕಿಗೆ ಅಪ್ಪಳಿಸುವುದಿಲ್ಲ. ಫ್ಯಾನ್ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕೊನೆಯಲ್ಲಿ ಅರ್ಧ ನಿಮಿಷ ಯಾರೂ ಮಾತನಾಡದೆ ಕೋಣೆಯ ಮೌನವನ್ನೂ ಮುದ್ರಿಸಿಕೊಳ್ಳಬೇಕು. ತಪ್ಪಾದ ಮಾತನ್ನು ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಆ ಮೌನವೇ ಬೇಕಾಗುತ್ತದೆ.

ಜೋಡಣೆ, ಪರೀಕ್ಷೆ, ಬಿಡುಗಡೆ

ಜೋಡಣೆಗೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಶಾಲೆಯ ಸಾಧಾರಣ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಮಾತು ಒಂದು ಪದರಿನಲ್ಲಿ, ಸದ್ದುಗಳು ಇನ್ನೊಂದರಲ್ಲಿ ಇರಲಿ. ಸಂಗೀತ ಇಲ್ಲದಿದ್ದರೂ ನಡೆದೀತು, ಮತ್ತು ನಿಗೂಢವೆನಿಸಲೆಂದು ಉದ್ದಕ್ಕೂ ತುಂಬುವ ಹಿನ್ನೆಲೆ ಸಂಗೀತಕ್ಕಿಂತ ಸಂಪೂರ್ಣ ಗ್ರಹಣದ ಕ್ಷಣದಲ್ಲಿ ಎಲ್ಲ ಸದ್ದುಗಳನ್ನೂ ಐದು ಸೆಕೆಂಡು ನಿಲ್ಲಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಮೂಲ ಕಡತವನ್ನು ವೇವ್ ರೂಪದಲ್ಲಿ ಉಳಿಸಿ, ಹಂಚಲು ಮಾತ್ರ ಎಂಪಿ3 ರೂಪ ಬಳಸಬೇಕು. ಮೊದಲ ಕೇಳುಗರು ವಿಜ್ಞಾನದ ಶಿಕ್ಷಕರಾಗುವುದಕ್ಕಿಂತ ಗುಡಿಯ ಕಟ್ಟೆಯ ಮೇಲಿನ ಹಿರಿಯರಾಗುವುದು ಲೇಸು. ಅವರು ಎಲ್ಲಿ ಪಕ್ಕದವರೊಡನೆ ಮಾತಿಗಿಳಿದರೋ ಅಲ್ಲಿ ಬರಹ ಸಡಿಲವಾಗಿದೆ ಎಂದೇ ಅರ್ಥ, ಆ ನಿಮಿಷವನ್ನು ಗುರುತು ಮಾಡಿಕೊಂಡು ತಿದ್ದಬೇಕು.

ಬಿಡುಗಡೆಗೆ ಒಂದು ದಿನ ತಾನಾಗಿಯೇ ಒದಗಿಬರಲಿದೆ. 2027ರ ಆಗಸ್ಟ್ 2ರ ಸೂರ್ಯಗ್ರಹಣ ಸ್ಪೇನ್, ಈಜಿಪ್ಟ್‌ಗಳಲ್ಲಿ ಸಂಪೂರ್ಣವಾಗಿಯೂ ಈ ಭಾಗದಲ್ಲಿ ಇಳಿಹೊತ್ತಿಗೆ ಪಾರ್ಶ್ವವಾಗಿಯೂ ಕಾಣಿಸಲಿದ್ದು, ಅಂದು ಶಾಲೆಯ ಅಂಗಳದಲ್ಲಿ ಧ್ವನಿಕಥೆಯನ್ನು ಕೇಳಿಸಬಹುದು, ಗ್ರಹಣದ ಕನ್ನಡಕ ಧರಿಸಿ ನೋಡುವವರ ಉದ್ಗಾರಗಳನ್ನು ಮುಂದಿನ ಕಂತಿಗೆಂದು ಮುದ್ರಿಸಿಕೊಳ್ಳಲೂಬಹುದು. ಆದರೆ ಪಾರ್ಶ್ವಗ್ರಹಣದಲ್ಲಿ ಕತ್ತಲಾಗುವುದಿಲ್ಲ. ಅಂದು ಹಕ್ಕಿಗಳು ಬೇವಿನ ಮರಕ್ಕೆ ಮರಳಿದರೆ ಅದಕ್ಕೆ ಕಾರಣ ಸಂಜೆಯೇ ಹೊರತು ಗ್ರಹಣವಲ್ಲ ಎಂಬುದನ್ನು ಕಡತದ ಹೆಸರಿನ ಪಕ್ಕದಲ್ಲಿಯೇ ಬರೆದಿಡಬೇಕು.